ಎಪಿಐ ಎರರ್‌ಗಳಿಗೆ ಟೈಪ್ ಕೊಡುವುದು ಹೇಗೆ: ಹ್ಯಾಸ್ಕೆಲ್, ಸರ್ವೆಂಟ್ ಮತ್ತು ಒಂದು ಬಸ್ ಸೀಟು

ರಾತ್ರಿ ಎರಡೂವರೆಗೆ ಫೋನ್ ಬಂದರೆ ಅದು ಒಳ್ಳೆ ಸುದ್ದಿ ಆಗಿರುವುದಿಲ್ಲ. ಆಗ ನಾನು ಬಸ್ ಸೀಟು ಬುಕ್ ಮಾಡುವ ಒಂದು ಎಪಿಐ (ಆಪ್‌ಗಳು ಸರ್ವರ್ ಜೊತೆ ಮಾತಾಡುವ ಬಾಗಿಲು) ನೋಡಿಕೊಳ್ಳುತ್ತಿದ್ದೆ. ಕಂಪನಿ ಹೆಸರು ಬೇಡ ಬಿಡಿ. ಯಾರೋ ಒಬ್ಬರು, ಬೇರೆಯವರು ಆಗಲೇ ಹಿಡಿದಿದ್ದ ಸೀಟನ್ನು ಒತ್ತಿದ್ದರು. ಸರ್ವರ್ ಒಳಗೆ ಎಲ್ಲೋ ಒಂದು ಎಕ್ಸೆಪ್ಶನ್ (ಕೋಡನ್ನು ನಡುವೆಯೇ ನಿಲ್ಲಿಸುವ ಎರರ್) ಎದ್ದಿತು, ಅದನ್ನು ಯಾರೂ ಹಿಡಿಯಲಿಲ್ಲ, ಕೊನೆಗೆ ಹೊರಗೆ ಹೋಗಿದ್ದು 500 ಎಂಬ ಸ್ಟೇಟಸ್ ಕೋಡ್. ಮೊಬೈಲ್ ಆಪ್ ತನ್ನ ಪಾಡಿಗೆ ಸರಿಯಾಗೇ ನಡೆದುಕೊಂಡಿತು. 500 ಅಂದ್ರೆ ಸರ್ವರ್‌ಗೆ ಹುಷಾರಿಲ್ಲ, ಸ್ವಲ್ಪ ತಡೆದು ಮತ್ತೆ ಕೇಳೋಣ ಅಂತ ಇನ್ನೂ ಮೂರು ಸಲ ಕೇಳಿತು. ನಮ್ಮ ಕೋಡಿನಲ್ಲಿ ಸೀಟು ಖಾಲಿ ಇದೆಯಾ ಅಂತ ನೋಡುವ ಮುಂಚೆಯೇ ಕಾರ್ಡಿನ ದುಡ್ಡು ಹಿಡಿದಿಡುವ ಹೆಜ್ಜೆ ಇತ್ತು. ಒಟ್ಟು ನಾಲ್ಕು ಸಲ ದುಡ್ಡು ಹೋಲ್ಡ್ ಆಯಿತು. ಸೀಟು ಒಂದೂ ಇಲ್ಲ.

ಸೀಟನ್ನು ಬೇರೆಯವರು ಹಿಡಿಯುವುದು ಸರ್ವರ್ ಕಾಯಿಲೆ ಅಲ್ಲ. ಅದು ಬಸ್ ವ್ಯಾಪಾರದಲ್ಲಿ ದಿನಾ ಆಗುವ ಮಾತು. ಆದರೆ ನಮ್ಮ ಫಂಕ್ಷನ್ನಿನ ಟೈಪ್, ಅಂದ್ರೆ ಏನು ತಗೊಂಡು ಏನು ಕೊಡುತ್ತದೆ ಎಂಬ ಕರಾರು, ನೋಡಿ:

ಸೀಟುಬುಕ್ : ಪ್ರಯಾಣಿಕ -> ಸೀಟುನಂಬರ್ -> ಐಓ ಟಿಕೆಟ್

ಪ್ರಯಾಣಿಕರ ವಿವರ ಕೊಡಿ, ಸೀಟು ನಂಬರ್ ಕೊಡಿ, ಟಿಕೆಟ್ ಕೊಡುತ್ತೇನೆ ಅಂತ ಇದು ಹೇಳುತ್ತಿದೆ. ಐಓ ಅಂದ್ರೆ ಡೇಟಾಬೇಸ್, ನೆಟ್‌ವರ್ಕ್‌ನಂಥ ಹೊರಗಿನ ಕೆಲಸವೂ ಇದೆ ಅಂತ. ಸೀಟು ಸಿಗದೇ ಹೋಗಬಹುದು, ಬಸ್ಸು ಹೊರಟೇ ಹೋಗಿರಬಹುದು, ಕಾರ್ಡಿನಲ್ಲಿ ದುಡ್ಡು ಇಲ್ಲದಿರಬಹುದು. ಇದ್ಯಾವುದರ ಸುಳಿವೂ ಇಲ್ಲಿಲ್ಲ. ಟೈಪ್ ಸುಳ್ಳು ಹೇಳುತ್ತಿದೆ, ಕಂಪೈಲರ್ ಅದನ್ನು ನಂಬಿಕೊಂಡಿದೆ, ಕಂಪೈಲರನ್ನು ನಾವು ನಂಬಿಕೊಂಡಿದ್ದೇವೆ.

ಈ ಸುಳ್ಳನ್ನು ತೆಗೆಯುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ನಾನು ಬಳಸುವುದು ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆ, ವೆಬ್‌ಗೆ ಅದರ ಸರ್ವೆಂಟ್ ಲೈಬ್ರರಿ. ನೀವು ಎಫ್ ಶಾರ್ಪ್, ಸ್ಕಾಲಾ, ಓಕ್ಯಾಮಲ್, ರಸ್ಟ್ ಬಳಸುವವರಾದರೂ ಮುಕ್ಕಾಲು ಪಾಲು ಹಾಗೇ ಹೊಂದುತ್ತದೆ. ಕೋಡನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಓದಿ ಅರ್ಥ ಮಾಡಿಕೊಳ್ಳಲಿಕ್ಕೆ ಮಾತ್ರ. ಹಾಗೇ ಕಾಪಿ ಹೊಡೆದರೆ ಓಡುವುದಿಲ್ಲ. ಹ್ಯಾಸ್ಕೆಲ್‌ನಲ್ಲಿ ಕನ್‌ಸ್ಟ್ರಕ್ಟರ್ (ಟೈಪಿನ ಒಂದೊಂದು ರೂಪ) ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು. ನಮ್ಮ ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲವಲ್ಲ, ಹಾಗಾಗಿ ಜಿಎಚ್‌ಸಿ ಕಂಪೈಲರ್ ಇಂಥ ಅಕ್ಷರಗಳನ್ನೆಲ್ಲ ಸಣ್ಣಕ್ಷರದ ಲೆಕ್ಕಕ್ಕೆ ಹಾಕಿಬಿಡುತ್ತದೆ.

ಮೊದಲು ಟೈಪ್ ನಿಜ ಹೇಳಲಿ

ಫಂಕ್ಷನ್ ಏನೇನು ಎರರ್ ಎಸೆಯಬಹುದು ಅಂತ ಟೈಪಿನಲ್ಲೇ ಬರೆಯುವ ಆಸೆ ಹೊಸದಲ್ಲ. ಜಾವಾದಲ್ಲಿ ಮೊದಲಿನಿಂದಲೂ ಚೆಕ್ಡ್ ಎಕ್ಸೆಪ್ಶನ್ ಇದೆ. ಆದರೆ ಜನಕ್ಕೆ ಅದು ಬೇಜಾರಾಯಿತು. ಎಲ್ಲವನ್ನೂ ಟೈಪಿನಲ್ಲಿ ಬರೆಯಬೇಕಿಲ್ಲದ ರನ್‌ಟೈಮ್ ಎಕ್ಸೆಪ್ಶನ್ನಿನಲ್ಲಿ ಸುತ್ತಿ ಎಸೆಯುವ ಅಭ್ಯಾಸ ಬೆಳೆಯಿತು. 2014ರಲ್ಲಿ ಜಾವಾ 8 ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ತಂದಾಗ ಇನ್ನೂ ಫಜೀತಿ: ಮ್ಯಾಪ್, ಫಿಲ್ಟರ್‌ಗೆ ಕೊಡುವ ಫಂಕ್ಷನ್ನಿನ ಟೈಪಿನಲ್ಲಿ ಚೆಕ್ಡ್ ಎಕ್ಸೆಪ್ಶನ್‌ಗೆ ಜಾಗವೇ ಇಲ್ಲ. ಎರರ್ ಒಂದು ದಾರಿಯಲ್ಲಿ, ಬೆಲೆ (ವ್ಯಾಲ್ಯೂ, ಅಂದ್ರೆ ಫಂಕ್ಷನ್ ವಾಪಸ್ ಕೊಡುವುದು) ಇನ್ನೊಂದು ದಾರಿಯಲ್ಲಿ ಹೋದರೆ ಹೀಗೇ ಆಗುವುದು.

ಫಂಕ್ಷನಲ್ ಭಾಷೆಗಳ ಉಪಾಯ ಸರಳ. ಎರರ್ ಕೂಡ ಒಂದು ಮಾಮೂಲಿ ಬೆಲೆ. ಎಸೆಯಬೇಡಿ, ವಾಪಸ್ ಕೊಡಿ. ಹ್ಯಾಸ್ಕೆಲ್‌ನಲ್ಲಿ ಅದರ ಹೆಸರು ಈದರ್. ಅದಕ್ಕೆ ಎರಡು ರೂಪ: ಲೆಫ್ಟ್‌ನಲ್ಲಿ ಎರರ್, ರೈಟ್‌ನಲ್ಲಿ ಸರಿಯಾದ ಉತ್ತರ. ರೈಟ್ ಅಂದ್ರೆ ಇಂಗ್ಲಿಷ್‌ನಲ್ಲಿ ಬಲ ಅಂತಲೂ ಹೌದು, ಸರಿ ಅಂತಲೂ ಹೌದು, ನೆನಪಿಟ್ಟುಕೊಳ್ಳಲಿಕ್ಕೆ ಅಷ್ಟು ಸಾಕು. ರಸ್ಟ್, ಎಲ್ಮ್, ಓಕ್ಯಾಮಲ್, ಎಫ್ ಶಾರ್ಪ್‌ನಲ್ಲಿ ಇದನ್ನೇ ರಿಸಲ್ಟ್ ಅನ್ನುತ್ತಾರೆ. ಓಕ್ಯಾಮಲ್‌ನ ಸ್ಟ್ಯಾಂಡರ್ಡ್ ಲೈಬ್ರರಿಗೆ ಅದು 2016ರಲ್ಲಿ 4.03ರ ಜೊತೆ ಬಂತು, ಎಫ್ ಶಾರ್ಪ್‌ಗೆ 2017ರಲ್ಲಿ 4.1ರ ಜೊತೆ.

ಈಗ ನಮ್ಮ ಫಂಕ್ಷನ್ ಹೀಗಾಗುತ್ತದೆ:

ಸೀಟುಬುಕ್ : ಪ್ರಯಾಣಿಕ -> ಸೀಟುನಂಬರ್ -> ಐಓ (ಈದರ್ ಸೀಟ್‌ಎರರ್ ಟಿಕೆಟ್)

ಐಓ ಒಳಗೆ ಈದರ್ ಇಟ್ಟುಕೊಂಡು ಪ್ರತಿ ಸಾಲಿಗೂ ಕೇಸ್ (ಯಾವ ರೂಪ ಬಂದರೆ ಏನು ಮಾಡಬೇಕು ಅಂತ) ಬರೆಯುವುದು ಕಷ್ಟ. ಅದಕ್ಕೆ ಎಕ್ಸೆಪ್ಟ್-ಟಿ ಎನ್ನುವ ಹೊದಿಕೆ ಇದೆ. ಅದನ್ನು ಹೊದಿಸಿದರೆ ಡು ಬ್ಲಾಕ್ ಒಳಗೆ ಮಾಮೂಲಿ ಕೋಡಿನ ಹಾಗೆಯೇ ಬರೆದುಕೊಂಡು ಹೋಗಬಹುದು:

ಸೀಟುಬುಕ್ ಪ್ರಯಾಣಿಕ ನಂಬರ್ = ಡು
  ಬಸ್ <- ಬಸ್ಸುಹುಡುಕು ನಂಬರ್
  ಇನ್ನೂಹೊರಟಿಲ್ಲತಾನೆ ಬಸ್
  ಸೀಟು <- ಸೀಟುಹಿಡಿ ಬಸ್ ನಂಬರ್ ಪ್ರಯಾಣಿಕ
  ದುಡ್ಡುತಗೊ ಪ್ರಯಾಣಿಕ ಸೀಟು
  ಟಿಕೆಟ್‌ಬರೆ ಪ್ರಯಾಣಿಕ ಸೀಟು

ಯಾವ ಸಾಲಿನಲ್ಲಿ ಲೆಫ್ಟ್ ಬಂದರೂ ಉಳಿದ ಸಾಲುಗಳು ಓಡುವುದಿಲ್ಲ. ಬಸ್ಸು ಹೊರಟಿದ್ದರೆ ದುಡ್ಡಿನ ಸಾಲಿಗೆ ಹೋಗುವ ಮಾತೇ ಇಲ್ಲ. ಸೀಟು ಹಿಡಿದ ಮೇಲೇ ದುಡ್ಡು ಅನ್ನುವ ಕ್ರಮವೂ ಕಣ್ಣಿಗೆ ಕಾಣುತ್ತಿದೆ, ಅಲ್ವಾ? ಹಳೇ ಕೋಡಿನಲ್ಲಿ ಅದು ಮೂರು ಫೈಲುಗಳ ನಡುವೆ ಕಳೆದುಹೋಗಿತ್ತು.

ಎರರ್ ಟೈಪ್ ಬರೆಯುವಾಗ

ಜಾಸ್ತಿ ಜನ ಮೊದಲು ಮಾಡುವುದು ಈದರ್ ಸ್ಟ್ರಿಂಗ್. ಲೆಫ್ಟ್ ಒಳಗೆ "ಸೀಟು ಸಿಗಲಿಲ್ಲ" ಅಂತ ಒಂದು ವಾಕ್ಯ. ಮಾಡಬೇಡಿ. ಆ ವಾಕ್ಯ ನೋಡಿ 404 (ಸಿಗಲಿಲ್ಲ) ಕೊಡಬೇಕಾ 409 (ಈಗಿನ ಸ್ಥಿತಿಗೆ ಅಡ್ಡ) ಕೊಡಬೇಕಾ ಅಂತ ತೀರ್ಮಾನ ಮಾಡುವುದು ಹೇಗೆ? ನಾಳೆ ಯಾರೋ ಒಂದು ಅಕ್ಷರ ತಿದ್ದಿದರೆ ಸ್ಟೇಟಸ್ ಕೋಡೇ ಬದಲಾಗುತ್ತದೆ. ನಾನಂತೂ ಇಂಥ ಕೋಡು ನೋಡಿದ್ದೇನೆ, ಎರರ್ ವಾಕ್ಯದಲ್ಲಿ ಒಂದು ಪದ ಇದೆಯಾ ಅಂತ ಹುಡುಕಿ ಅದರ ಮೇಲೆ ಇಫ್ ಹಾಕಿದ್ದು.

ಹೀಗೆ ಬರೆಯಿರಿ:

ಡೇಟಾ ಸೀಟ್‌ಎರರ್
  = ಅಂಥಸೀಟಿಲ್ಲ ಸೀಟುನಂಬರ್
  | ಬೇರೆಯವರುಹಿಡಿದರು ಸೀಟುನಂಬರ್
  | ಬಸ್ಸುಹೊರಟಿತು ಸಮಯ
  | ಮಿತಿದಾಟಿತು ಎಷ್ಟುಕೇಳಿದರು ಎಷ್ಟುಮಿತಿ
  | ದುಡ್ಡುಬರಲಿಲ್ಲ ಕಾರಣ

ಎರಡು ವಿಷಯ ಗಮನಿಸಿ. ಒಂದು, ಇದರಲ್ಲಿ ಎಲ್ಲೂ 404, 409 ಇಲ್ಲ. ಬಸ್ಸಿನ ಕಂಡಕ್ಟರ್‌ಗೆ ಅರ್ಥವಾಗುವ ಮಾತು ಮಾತ್ರ ಇದೆ. ಎಚ್‌ಟಿಟಿಪಿ ಅನ್ನುವುದು ಬಾಗಿಲ ಹೊರಗಿನ ವಿಷಯ, ಒಳಗೆ ಬಿಟ್ಟುಕೊಳ್ಳಬೇಡಿ. ಇದೇ ಬುಕಿಂಗ್ ಕೋಡನ್ನು ನಾಳೆ ಒಂದು ಕಮಾಂಡ್‌ಲೈನ್ ಟೂಲ್‌ನಿಂದ ಕರೆದರೆ 409 ಅಂದ್ರೆ ಅಲ್ಲಿ ಏನು ಅರ್ಥ? ಇನ್ನೊಂದು, ಪ್ರತಿ ಎರರ್ ತನ್ನ ಜೊತೆ ಬೇಕಾದ ಮಾಹಿತಿ ಹೊತ್ತುಕೊಂಡಿದೆ. ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಸೀಟು ಕೇಳಿದರು, ಮಿತಿ ಎಷ್ಟು. ವಾಕ್ಯ ಕಟ್ಟುವುದು ಆಮೇಲೆ. ಆಕ್ಸೆಪ್ಟ್-ಲ್ಯಾಂಗ್ವೇಜ್ ಹೆಡರ್ ನೋಡಿ ಒಬ್ಬರಿಗೆ ಕನ್ನಡದಲ್ಲಿ, ಇನ್ನೊಬ್ಬರಿಗೆ ಇಂಗ್ಲಿಷ್‌ನಲ್ಲಿ ಹೇಳಬೇಕು ಅಂದಾಗ ಇದರ ಬೆಲೆ ಗೊತ್ತಾಗುತ್ತದೆ. ಲೆಫ್ಟ್ ಒಳಗೆ ಇಂಗ್ಲಿಷ್ ವಾಕ್ಯ ತುಂಬಿಟ್ಟಿದ್ದರೆ ಅಲ್ಲಿಗೆ ಕತೆ ಮುಗಿಯಿತು.

ಇನ್ನು ದೊಡ್ಡ ಗುಂಡಿ ಒಂದಿದೆ, ನಾನೂ ಬಿದ್ದಿದ್ದೇನೆ. ಇಡೀ ಆಪ್‌ಗೆ ಸೇರಿ ಒಂದೇ ಎರರ್ ಟೈಪ್ ಮಾಡಿಬಿಡುವುದು. ಆಪ್‌ಎರರ್ ಅಂತ ಒಂದು ಡೇಟಾ, ಅದಕ್ಕೆ ನಲವತ್ತು ಕನ್‌ಸ್ಟ್ರಕ್ಟರ್. ಮೊದಲ ತಿಂಗಳು ಬಹಳ ಹಿತವಾಗಿರುತ್ತದೆ. ಆಮೇಲೆ ನೋಡಿದರೆ, ಪ್ರಯಾಣಿಕರ ಹೆಸರು ಬದಲಿಸುವ ಫಂಕ್ಷನ್ ಕೂಡ "ಬಸ್ಸು ಹೊರಟಿತು" ಎಂಬ ಎರರ್ ಕೊಡಬಹುದು ಅಂತ ಟೈಪ್ ಹೇಳುತ್ತಿರುತ್ತದೆ. ಕರೆಯುವವರು ನಲವತ್ತನ್ನೂ ನೋಡಬೇಕು, ಅಥವಾ ಮೂವತ್ತೆಂಟಕ್ಕೆ "ಇದು ಆಗಲಿಕ್ಕೇ ಸಾಧ್ಯವಿಲ್ಲ" ಅಂತ ಬರೆದು ಮುಂದೆ ಹೋಗಬೇಕು. ಟೈಪ್ ಮತ್ತೆ ಸುಳ್ಳು ಹೇಳಲು ಶುರು ಮಾಡಿತು, ಈ ಸಲ ಇನ್ನೊಂದು ದಿಕ್ಕಿನಲ್ಲಿ.

ಒಂದೊಂದು ಕೆಲಸಕ್ಕೆ ಒಂದೊಂದು ಸಣ್ಣ ಟೈಪ್ ಇರಲಿ. ಸೀಟಿಗೆ ಸೀಟ್‌ಎರರ್, ದುಡ್ಡಿಗೆ ದುಡ್ಡುಎರರ್, ಹೆಸರು ಬದಲಿಸಲಿಕ್ಕೆ ಬೇರೆ. ಒಂದು ಇನ್ನೊಂದನ್ನು ಕರೆದಾಗ ಒಳಗಿನ ಎರರನ್ನು ಹೊರಗಿನದಕ್ಕೆ ಬದಲಿಸಿಕೊಳ್ಳಿ. ಹ್ಯಾಸ್ಕೆಲ್‌ನಲ್ಲಿ ವಿತ್‌ಎಕ್ಸೆಪ್ಟ್-ಟಿ ಅನ್ನುವ ಫಂಕ್ಷನ್ ಇದಕ್ಕಂತಲೇ ಇದೆ, ಬರಿ ಈದರ್ ಆದರೆ ಬೈಫಂಕ್ಟರ್‌ನ ಫಸ್ಟ್ ಎಂಬ ಫಂಕ್ಷನ್:

ವಿತ್‌ಎಕ್ಸೆಪ್ಟ್-ಟಿ ದುಡ್ಡುಬರಲಿಲ್ಲ (ದುಡ್ಡುತಗೊ ಪ್ರಯಾಣಿಕ ಸೀಟು)

ಹೌದು, ಸ್ವಲ್ಪ ಜಾಸ್ತಿ ಬರೆಯಬೇಕಾಗುತ್ತದೆ. ಹ್ಯಾಸ್ಕೆಲ್ ಇಲ್ಲಿ ಹಿಂದುಳಿದಿದೆ ಅಂತ ಒಪ್ಪಿಕೊಳ್ಳುತ್ತೇನೆ. ಓಕ್ಯಾಮಲ್‌ನಲ್ಲಿ ಪಾಲಿಮಾರ್ಫಿಕ್ ವೇರಿಯಂಟ್ ಬಳಸಿದರೆ ಎರಡು ಎರರ್ ಗುಂಪುಗಳು ತಾವೇ ಕೂಡಿಕೊಳ್ಳುತ್ತವೆ, 2021ರಲ್ಲಿ ಬಂದ ಸ್ಕಾಲಾ 3ರಲ್ಲಿ ಯೂನಿಯನ್ ಟೈಪ್ (ಇದು ಅಥವಾ ಅದು) ಇದೆ, ಟೈಪ್‌ಸ್ಕ್ರಿಪ್ಟ್‌ನಲ್ಲಂತೂ ನಡುವೆ ಒಂದು ಗೀಟು ಎಳೆದರೆ ಮುಗಿಯಿತು. ಹ್ಯಾಸ್ಕೆಲ್‌ನಲ್ಲೂ ಟೈಪ್‌ಕ್ಲಾಸ್ ಮಾಯಾಜಾಲದಿಂದ ಇದನ್ನು ತರಬಹುದು. ತಂಡದಲ್ಲಿ ಹೊಸಬರಿದ್ದರೆ ಆ ದಾರಿ ಬೇಡ. ಎರಡು ಸಾಲು ಜಾಸ್ತಿ ಬರೆದರೆ ಕೈ ಸವೆಯುವುದಿಲ್ಲ.

ಅಂಡರ್‌ಸ್ಕೋರ್ ಎಂಬ ಶತ್ರು

ಟೈಪ್ ಬರೆದರೆ ಸಾಲದು, ಕಂಪೈಲರ್ ಅದನ್ನು ಕಾಯಬೇಕು. ಜಿಎಚ್‌ಸಿ ತಾನಾಗಿ ಕಾಯುವುದಿಲ್ಲ. ಕೇಸ್‌ನಲ್ಲಿ ಒಂದು ಕನ್‌ಸ್ಟ್ರಕ್ಟರ್ ಬಿಟ್ಟರೂ ಸುಮ್ನೆ ಕಂಪೈಲ್ ಮಾಡಿ, ಓಡುವಾಗ ಬೀಳುತ್ತದೆ. ಇನ್‌ಕಂಪ್ಲೀಟ್ ಪ್ಯಾಟರ್ನ್ಸ್ ಎಂಬ ವಾರ್ನಿಂಗ್ ಹಾಕಿಕೊಳ್ಳಿ, ಡಬ್ಲ್ಯೂ-ಆಲ್ ಹಾಕಿದ್ದರೆ ಅದರೊಳಗೇ ಬರುತ್ತದೆ, ಮತ್ತು ಆ ವಾರ್ನಿಂಗನ್ನು ಎರರ್ ಮಾಡಿ. ಇದು ಮಾಡದಿದ್ದರೆ ಈ ಲೇಖನದ ಉಳಿದ ಭಾಗ ಓದಿ ಪ್ರಯೋಜನವಿಲ್ಲ.

ಆಮೇಲೆ, ಎರರ್ ಮೇಲಿನ ಕೇಸ್‌ನಲ್ಲಿ ಕೊನೆಗೆ ಅಂಡರ್‌ಸ್ಕೋರ್ ಹಾಕಿ "ಉಳಿದದ್ದೆಲ್ಲ 500" ಅಂತ ಬರೆಯಬೇಡಿ. ಆ ಒಂದು ಗೀಟು ಇಡೀ ಕಾವಲನ್ನು ಮಲಗಿಸುತ್ತದೆ. ಆರು ತಿಂಗಳ ನಂತರ ಯಾರೋ "ಮಹಿಳೆಯರಿಗೆ ಮೀಸಲು" ಅಂತ ಹೊಸ ಎರರ್ ಸೇರಿಸುತ್ತಾರೆ, ಕಂಪೈಲರ್ ಬಾಯಿ ಬಿಡುವುದಿಲ್ಲ, ಅದು 500 ಆಗಿ ಹೊರಗೆ ಹೋಗುತ್ತದೆ, ಆಪ್ ಮೂರು ಸಲ ಮರುಕೇಳುತ್ತದೆ. ನಾವು ಹೊರಟಲ್ಲಿಗೇ ವಾಪಸ್. ಕೋಡ್ ರಿವ್ಯೂನಲ್ಲಿ ನಾನು ಬೇರೆ ಏನು ಬಿಟ್ಟರೂ ಇದನ್ನು ಬಿಡುವುದಿಲ್ಲ.

ಬಾಗಿಲಲ್ಲಿ ಒಬ್ಬನೇ ಕಾವಲುಗಾರ

ಈಗ ಎಚ್‌ಟಿಟಿಪಿ. ಸರ್ವೆಂಟ್‌ನಲ್ಲಿ ಎಪಿಐ ಅನ್ನುವುದೇ ಒಂದು ಟೈಪ್. ಯಾವ ದಾರಿ (ಯುಆರ್‌ಎಲ್), ಯಾವ ಬಾಡಿ (ಕಳಿಸುವ ಮಾಹಿತಿ), ಯಾವ ಉತ್ತರ ಎಲ್ಲ ಅದರಲ್ಲೇ ಇರುತ್ತದೆ. ಆದರೆ ಎರರ್ ವಿಷಯಕ್ಕೆ ಬಂದಾಗ ಸರ್ವೆಂಟ್ ಕೂಡ ಸ್ವಲ್ಪ ಕಳ್ಳಾಟ ಆಡುತ್ತದೆ. ಅದರ ಹ್ಯಾಂಡ್ಲರ್ (ಒಂದು ದಾರಿಗೆ ಉತ್ತರ ಕೊಡುವ ಕೋಡ್) ಅಂದ್ರೆ ಒಳಗೆ ಇರುವುದು ಐಓ ಮೇಲೆ ಹೊದಿಸಿದ ಎಕ್ಸೆಪ್ಟ್-ಟಿ, ಎರರ್ ಜಾಗದಲ್ಲಿ ಸರ್ವರ್‌ಎರರ್. ಅದರಲ್ಲಿ ನಾಲ್ಕು ಭಾಗ: ಕೋಡ್, ಅದರ ಪಕ್ಕದ ಸಣ್ಣ ಮಾತು, ಬಾಡಿ, ಹೆಡರ್‌ಗಳು. ಹಳೇ ಉದಾಹರಣೆಗಳಲ್ಲಿ ಸರ್ವೆಂಟ್‌ಎರ್ ಅಂತ ಕಂಡರೆ ಗಾಬರಿ ಬೇಡ, 0.16ರಲ್ಲಿ ಹೆಸರು ಬದಲಾಯಿತು ಅಷ್ಟೇ. ಯಾವ ಹ್ಯಾಂಡ್ಲರ್ ಬೇಕಾದರೂ ಯಾವ ಕೋಡ್ ಬೇಕಾದರೂ ಎಸೆಯಬಹುದು, ಎಪಿಐ ಟೈಪಿಗೆ ಅದರ ಗಂಧವೂ ಇರುವುದಿಲ್ಲ.

ಹಾಗಾಗಿ ಹ್ಯಾಂಡ್ಲರ್‌ಗಳ ಒಳಗೆ ಎಲ್ಲೆಂದರಲ್ಲಿ 404 ಎಸೆಯುವುದನ್ನು ನಿಲ್ಲಿಸಿ. ಪ್ರತಿ ಎರರ್ ಟೈಪಿಗೂ ಒಂದೇ ಒಂದು ಅನುವಾದದ ಫಂಕ್ಷನ್ ಇರಲಿ:

ಹೊರಗೆ : ಸೀಟ್‌ಎರರ್ -> ಸರ್ವರ್‌ಎರರ್
ಹೊರಗೆ ಎರರ್ = ಕೇಸ್ ಎರರ್ ಆಫ್
  ಅಂಥಸೀಟಿಲ್ಲ ನಂಬರ್ -> ಉತ್ತರ 404 ...
  ಬೇರೆಯವರುಹಿಡಿದರು ನಂಬರ್ -> ಉತ್ತರ 409 ...
  ಬಸ್ಸುಹೊರಟಿತು ಸಮಯ -> ಉತ್ತರ 409 ...
  ಮಿತಿದಾಟಿತು ಕೇಳಿದ್ದು ಮಿತಿ -> ಉತ್ತರ 422 ...
  ದುಡ್ಡುಬರಲಿಲ್ಲ ಕಾರಣ -> ಉತ್ತರ 422 ...

ಯಾವುದಕ್ಕೆ ಯಾವ ಕೋಡ್ ಅಂತ ತಂಡದಲ್ಲಿ ಜಗಳ ಆಗಿಯೇ ಆಗುತ್ತದೆ. ನನ್ನ ಲೆಕ್ಕ ಹೀಗೆ: ಕೇಳಿದ್ದೇ ಅರ್ಥವಾಗದಿದ್ದರೆ 400, ಅರ್ಥವಾಯಿತು ಆದರೆ ನಿಯಮಕ್ಕೆ ಹೊಂದುವುದಿಲ್ಲ ಅಂದರೆ 422, ಈಗಿನ ಸ್ಥಿತಿಗೆ ಅಡ್ಡ ಬಂದರೆ 409. 422 ಮೊದಲು ವೆಬ್‌ಡ್ಯಾವ್ ಎಂಬ ವಿಸ್ತರಣೆಯಲ್ಲಿತ್ತು, 2022ರ ಆರ್‌ಎಫ್‌ಸಿ 9110 (ಆರ್‌ಎಫ್‌ಸಿ ಅಂದ್ರೆ ಇಂಟರ್ನೆಟ್ ನಿಯಮಗಳ ದಾಖಲೆ) ಅದನ್ನು ಎಚ್‌ಟಿಟಿಪಿಯ ಮುಖ್ಯ ಪಟ್ಟಿಗೇ ತಂದಿತು, ಆದ್ದರಿಂದ ಬಳಸಲು ಸಂಕೋಚ ಬೇಡ. ದುಡ್ಡಿನ ವಿಷಯಕ್ಕೆ 402 (ಪೇಮೆಂಟ್ ರಿಕ್ವೈರ್ಡ್) ಅಲ್ವಾ ಅಂತ ಕೇಳುವವರಿದ್ದಾರೆ. ಅದನ್ನು ಇನ್ನೂ "ಮುಂದಿನ ಬಳಕೆಗೆ ಕಾದಿರಿಸಿದೆ" ಅಂತಲೇ ಇಟ್ಟಿದ್ದಾರೆ, ನಾನು ಮುಟ್ಟುವುದಿಲ್ಲ. ಯಾವ ಕೋಡ್ ಆರಿಸಿದಿರಿ ಅನ್ನುವುದಕ್ಕಿಂತ ಒಂದೇ ಜಾಗದಲ್ಲಿ ಆರಿಸಿದಿರಿ ಅನ್ನುವುದು ಮುಖ್ಯ. ಜಗಳ ಆಡಲಿಕ್ಕೂ ಒಂದೇ ಫೈಲು ಸಾಕು.

ನಿಮ್ಮದೇ ಮೊನಾಡ್‌ನಲ್ಲಿ (ಡು ಬ್ಲಾಕ್‌ನ ಹೆಜ್ಜೆಗಳನ್ನು ಒಂದರ ನಂತರ ಒಂದು ಜೋಡಿಸುವ ಟೈಪ್, ಎಕ್ಸೆಪ್ಟ್-ಟಿ ತರಹದ್ದು) ಹ್ಯಾಂಡ್ಲರ್ ಬರೆದು, ಕೊನೆಗೆ ಹೋಯ್ಸ್ಟ್‌ಸರ್ವರ್ ಬಳಸಿ ಅದನ್ನು ಸರ್ವೆಂಟ್‌ನ ಹ್ಯಾಂಡ್ಲರ್‌ಗೆ ಇಳಿಸಿದರೆ, ಹ್ಯಾಂಡ್ಲರ್ ಬರೆಯುವವರ ಕೈಗೆ ಸರ್ವರ್‌ಎರರ್ ಸಿಗುವುದೇ ಇಲ್ಲ.

ಎಪಿಐ ಟೈಪಿನಲ್ಲೇ ಎರರ್‌ಗಳು ಕಾಣಬೇಕು, ಡಾಕ್ಯುಮೆಂಟೇಶನ್‌ನಲ್ಲೂ ಬರಬೇಕು ಅನ್ನುವವರಿಗೆ 2020ರ ಸರ್ವೆಂಟ್ 0.18 ಸರಣಿಯಲ್ಲಿ ಯು-ವರ್ಬ್ ಬಂದಿದೆ. ಉತ್ತರದ ಜಾಗದಲ್ಲಿ ಒಂದರ ಬದಲು ಟೈಪುಗಳ ಪಟ್ಟಿ ಕೊಡುತ್ತೀರಿ, ಪ್ರತಿಯೊಂದಕ್ಕೂ ಅದರ ಸ್ಟೇಟಸ್ ಕೋಡ್ ಟೈಪ್ ಮಟ್ಟದಲ್ಲೇ ಅಂಟಿರುತ್ತದೆ. ಒಂದು ಕಿರಿಕಿರಿ: ಪಟ್ಟಿಯಲ್ಲಿ ಒಂದು ಕೋಡ್ ಒಂದೇ ಸಲ ಬರಬೇಕು. ನಮ್ಮಲ್ಲಿ ಎರಡು 409 ಇದೆಯಲ್ಲ, ಅವೆರಡನ್ನೂ ಒಂದು ಟೈಪಿನೊಳಗೆ ಸೇರಿಸಿಕೊಳ್ಳಬೇಕು. ಇನ್ನೊಂದು, ತಪ್ಪು ಮಾಡಿದರೆ ಬರುವ ಕಂಪೈಲರ್ ಸಂದೇಶ ಪರದೆ ತುಂಬುತ್ತದೆ. ಹೊರಗಿನವರು ಬಳಸುವ ಎಪಿಐ ಆದರೆ ಈ ಕಷ್ಟ ಪಡಬಹುದು. ಒಳಗಿನ ಎರಡು ಸರ್ವಿಸ್ ಮಾತಾಡಿಕೊಳ್ಳುವುದಕ್ಕೆ ಬೇಡ ಅನಿಸುತ್ತದೆ.

ಬಾಡಿಯಲ್ಲಿ ಏನಿರಬೇಕು

ಇದಕ್ಕೆ ನಿಮ್ಮದೇ ಆಕಾರ ಕಂಡುಹಿಡಿಯಬೇಡಿ. 2016ರಲ್ಲಿ ಆರ್‌ಎಫ್‌ಸಿ 7807 ಅಂತ ಬಂತು, 2023ರಲ್ಲಿ ಅದರ ಜಾಗಕ್ಕೆ 9457 ಬಂದಿದೆ. ಹೆಸರು ಪ್ರಾಬ್ಲಂ ಡೀಟೇಲ್ಸ್. ಐದು ಭಾಗ: ಟೈಪ್, ಟೈಟಲ್, ಸ್ಟೇಟಸ್, ಡೀಟೇಲ್, ಇನ್‌ಸ್ಟನ್ಸ್. ಬೇಕಿದ್ದರೆ ನಿಮ್ಮ ಭಾಗಗಳನ್ನೂ ಸೇರಿಸಬಹುದು, ಮಿತಿ ಎಷ್ಟು, ಸೀಟು ಯಾವುದು ಎಂಬಂಥವು. ಇದರಲ್ಲಿ ಟೈಪ್ ಅನ್ನುವುದು ಒಂದು ಯುಆರ್‌ಐ (ವೆಬ್ ವಿಳಾಸದಂಥ ಗುರುತು), ಪ್ರತಿ ಕನ್‌ಸ್ಟ್ರಕ್ಟರ್‌ಗೆ ಒಂದು. ನಮ್ಮ ಎರಡು 409ಗಳನ್ನು ಆಪ್ ಬೇರೆ ಮಾಡುವುದು ಇದರಿಂದಲೇ: ಒಂದು ಬಂದರೆ ಪಕ್ಕದ ಸೀಟು ತೋರಿಸಬೇಕು, ಇನ್ನೊಂದು ಬಂದರೆ ಮುಂದಿನ ಬಸ್ಸು. ಡೀಟೇಲ್ ಅನ್ನುವುದು ಮನುಷ್ಯರು ಓದಲಿಕ್ಕೆ, ಅದನ್ನು ನೋಡಿ ಆಪ್ ತೀರ್ಮಾನ ಮಾಡಬಾರದು. ಕಂಟೆಂಟ್ ಟೈಪ್ ಮಾಮೂಲಿ ಜೇಸನ್ ಅಲ್ಲ, ಪ್ರಾಬ್ಲಂ ಪ್ಲಸ್ ಜೇಸನ್ ಅಂತ ಇರಬೇಕು, ಮರೆಯಬೇಡಿ.

ಇದೆಲ್ಲ ಮಾಡಿ ಬೀಗುತ್ತಿದ್ದಾಗ ಮೊಬೈಲ್ ತಂಡದವರು ಬಂದು, ಜೇಸನ್ ತಪ್ಪಾಗಿ ಕಳಿಸಿದರೆ ಮಾತ್ರ ಬರಿ ಟೆಕ್ಸ್ಟ್ ಬರುತ್ತಿದೆ, ನಮ್ಮ ಪಾರ್ಸರ್ ಬೀಳುತ್ತಿದೆ ಅಂದರು. ನಿಜ. ಬಾಡಿ ಪಾರ್ಸ್ ಆಗದಿದ್ದಾಗ, ದಾರಿಯೇ ಸಿಗದಿದ್ದಾಗ ಉತ್ತರ ಕೊಡುವುದು ಸರ್ವೆಂಟ್ ತಾನೇ, ನಮ್ಮ ಕೋಡಿಗೆ ವಿಷಯ ತಲುಪುವುದೇ ಇಲ್ಲ. ಅದಕ್ಕೆ ಎರರ್‌ಫಾರ್ಮ್ಯಾಟರ್ಸ್ ಎಂಬುದಿದೆ, ಅದೂ 0.18ರಲ್ಲೇ ಬಂದಿದ್ದು. ಬಾಡಿಗೆ, ಯುಆರ್‌ಎಲ್‌ಗೆ, ಹೆಡರ್‌ಗೆ, 404ಕ್ಕೆ ಬೇರೆ ಬೇರೆ ಫಂಕ್ಷನ್ ಕೊಟ್ಟು ಕಾಂಟೆಕ್ಸ್ಟ್‌ನಲ್ಲಿ ಸೇರಿಸಬೇಕು. ಹತ್ತು ಸಾಲಿನ ಕೆಲಸ.

ಒಂದೇ ಸಲಕ್ಕೆ ಎಲ್ಲ ತಪ್ಪೂ ಹೇಳಿ

ಯಾವುದಾದರೂ ಕಚೇರಿಗೆ ಅರ್ಜಿ ಕೊಡಲು ಹೋಗಿದ್ದೀರಾ? ಇವತ್ತು ಫೋಟೋ ಇಲ್ಲ ಅಂತ ವಾಪಸ್. ನಾಳೆ ಫೋಟೋ ಅಂಟಿಸಿಕೊಂಡು ಹೋದರೆ ಝೆರಾಕ್ಸ್ ಎಲ್ಲಿ ಅಂತಾರೆ. ನಾಡಿದ್ದು ಸಹಿ ತಪ್ಪು ಜಾಗದಲ್ಲಿದೆ. ಈದರ್ ಮಾಡುವುದು ಇದೇ ಕೆಲಸ, ಮೊದಲ ಲೆಫ್ಟ್ ಸಿಕ್ಕ ಕೂಡಲೇ ಕಿಟಕಿ ಮುಚ್ಚುತ್ತದೆ. ಬುಕಿಂಗ್ ಹೆಜ್ಜೆಗಳಿಗೆ ಅದು ಸರಿ, ಒಂದರ ಮೇಲೊಂದು ನಿಂತಿವೆ. ಫಾರಂ ತುಂಬಿದ್ದನ್ನು ನೋಡುವಾಗ ಸರಿಯಲ್ಲ. ಹೆಸರು, ವಯಸ್ಸು, ಫೋನ್ ನಂಬರ್ ಒಂದಕ್ಕೊಂದು ಸಂಬಂಧವಿಲ್ಲ, ಮೂರೂ ತಪ್ಪಿದ್ದರೆ ಮೂರನ್ನೂ ಒಟ್ಟಿಗೆ ಹೇಳಬೇಕು.

ಇದಕ್ಕೆ ವ್ಯಾಲಿಡೇಶನ್ ಎಂಬ ಟೈಪ್ ಇದೆ, ಅದೇ ಹೆಸರಿನ ಪ್ಯಾಕೇಜಿನಲ್ಲಿ. ನೋಡಲಿಕ್ಕೆ ಈದರ್ ತರಹವೇ, ಫೇಲ್ಯೂರ್ ಮತ್ತು ಸಕ್ಸೆಸ್ ಎಂಬ ಎರಡು ರೂಪ. ವ್ಯತ್ಯಾಸ ಏನೆಂದರೆ ಅಪ್ಲಿಕೇಟಿವ್ ಆಗಿ, ಅಂದ್ರೆ ಒಂದರ ಉತ್ತರಕ್ಕೆ ಇನ್ನೊಂದು ಕಾಯದ ಹಾಗೆ, ಜೋಡಿಸಿದಾಗ ಎರಡೂ ಕಡೆಯ ಫೇಲ್ಯೂರ್‌ಗಳನ್ನು ಕೂಡಿಸಿಕೊಳ್ಳುತ್ತದೆ. ಎರರ್ ಜಾಗದಲ್ಲಿ ನಾನ್‌ಎಂಪ್ಟಿ ಲಿಸ್ಟ್ (ಒಂದಾದರೂ ಇರಲೇಬೇಕಾದ ಪಟ್ಟಿ) ಇಡಿ, ಫೇಲ್ಯೂರ್ ಆಗಿದೆ ಆದರೆ ಎರರ್ ಒಂದೂ ಇಲ್ಲ ಎಂಬ ವಿಚಿತ್ರ ಸ್ಥಿತಿಗೆ ಜಾಗವೇ ಇರುವುದಿಲ್ಲ. ಇದಕ್ಕೆ ಮೊನಾಡ್ ಯಾಕಿಲ್ಲ ಅಂತ ಹೊಸಬರು ಕೇಳುತ್ತಾರೆ. ಮೊನಾಡ್‌ನಲ್ಲಿ ಎರಡನೇ ಹೆಜ್ಜೆಗೆ ಮೊದಲನೆಯದರ ಉತ್ತರ ಬೇಕು, ಮೊದಲನೆಯದು ಬಿದ್ದರೆ ಎರಡನೆಯದನ್ನು ಓಡಿಸುವುದು ಹೇಗೆ? ಎರರ್ ಕೂಡಿಸುವುದು ಅಲ್ಲಿ ಆಗದ ಮಾತು. ಬಾಗಿಲಲ್ಲಿ ವ್ಯಾಲಿಡೇಶನ್, ಅದು ದಾಟಿದ ಮೇಲೆ ಈದರ್‌ಗೆ ಬದಲಿಸಿಕೊಂಡು ಒಳಗೆ ಹೋಗಿ.

ಲೆಫ್ಟ್ ಬಂದರೆ ರೋಲ್‌ಬ್ಯಾಕ್ ಆಗುವುದಿಲ್ಲ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ನನಗೂ ಹೇಳಿರಲಿಲ್ಲ. ಎಲ್ಲ ಎರರ್‌ಗೂ ಟೈಪ್ ಕೊಟ್ಟು, ಹೊಸ ಕೋಡ್ ಬಿಟ್ಟು ಎರಡು ದಿನ ಆಗಿತ್ತು. ಬಸ್ಸಿನಲ್ಲಿ ಅರ್ಧ ಸೀಟು ಖಾಲಿ, ಆದರೆ ಆಪ್‌ನಲ್ಲಿ ಎಲ್ಲ ಸೀಟೂ ಬುಕ್ ಆಗಿದೆ ಅಂತ ತೋರಿಸುತ್ತಿದೆ. ಡೇಟಾಬೇಸ್ ನೋಡಿದರೆ ಸೀಟು ಹಿಡಿದ ಸಾಲುಗಳಿವೆ, ಅವಕ್ಕೆ ಟಿಕೆಟ್ ಇಲ್ಲ. ಕಾರ್ಡಿನಲ್ಲಿ ದುಡ್ಡು ಬರದೇ ಹೋದವರದೆಲ್ಲ ಹೀಗೇ ಉಳಿದಿತ್ತು.

ಕಾರಣ ಇಷ್ಟೇ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಬಳಸುವ ಪೋಸ್ಟ್‌ಗ್ರೆಸ್‌ಕ್ಯೂಎಲ್-ಸಿಂಪಲ್ ಲೈಬ್ರರಿಯ ವಿತ್‌ಟ್ರಾನ್ಸಾಕ್ಷನ್ ಎಕ್ಸೆಪ್ಶನ್ ಬಂದರೆ ರೋಲ್‌ಬ್ಯಾಕ್ (ಅಲ್ಲಿವರೆಗೆ ಬರೆದದ್ದೆಲ್ಲ ರದ್ದು) ಮಾಡುತ್ತದೆ, ಇಲ್ಲದಿದ್ದರೆ ಕಮಿಟ್ (ಬರೆದದ್ದು ಖಾಯಂ). ಹಳೇ ಕೋಡು ಎಕ್ಸೆಪ್ಶನ್ ಎಸೆಯುತ್ತಿತ್ತು, ರೋಲ್‌ಬ್ಯಾಕ್ ತಾನಾಗಿ ಆಗುತ್ತಿತ್ತು. ಹೊಸ ಕೋಡಿನಲ್ಲಿ ಬರುವುದು ಲೆಫ್ಟ್. ವಿತ್‌ಟ್ರಾನ್ಸಾಕ್ಷನ್ ಕಣ್ಣಿಗೆ ಅದು ಸುಖವಾಗಿ ಮುಗಿದ ಕೆಲಸ, ವಾಪಸ್ ಬಂದದ್ದು ಒಂದು ಮಾಮೂಲಿ ಬೆಲೆ. ಕಮಿಟ್ ಮಾಡಿಬಿಟ್ಟಿತು. ದುಡ್ಡಿನ ನೆಟ್‌ವರ್ಕ್ ಕರೆಯನ್ನು ಟ್ರಾನ್ಸಾಕ್ಷನ್ ಒಳಗೆ ಇಟ್ಟಿದ್ದೇ ಇನ್ನೊಂದು ತಪ್ಪು, ಆ ಕತೆ ಬೇರೆ.

ನಿಮ್ಮದೇ ಒಂದು ಹೊದಿಕೆ ಬರೆದುಕೊಳ್ಳಿ. ಬಿಗಿನ್ ಮಾಡಿ, ಕೆಲಸ ಓಡಿಸಿ, ಉತ್ತರ ನೋಡಿ: ರೈಟ್ ಆದರೆ ಕಮಿಟ್, ಲೆಫ್ಟ್ ಆದರೆ ರೋಲ್‌ಬ್ಯಾಕ್ ಮಾಡಿ ಅದೇ ಲೆಫ್ಟ್ ವಾಪಸ್ ಕೊಡಿ, ಎಕ್ಸೆಪ್ಶನ್ ಬಂದರೆ ರೋಲ್‌ಬ್ಯಾಕ್ ಮಾಡಿ ಅದನ್ನು ಮತ್ತೆ ಎಸೆಯಿರಿ. ಹಳೇ ವಿತ್‌ಟ್ರಾನ್ಸಾಕ್ಷನ್ ಯಾರೂ ಇಂಪೋರ್ಟ್ ಮಾಡದ ಹಾಗೆ ನೋಡಿಕೊಳ್ಳಿ. ಎಕ್ಸೆಪ್ಶನ್‌ನಿಂದ ಈದರ್‌ಗೆ ಬರುತ್ತಿರುವ ಹಳೇ ಕೋಡ್‌ಬೇಸ್ ನಿಮ್ಮದಾದರೆ, ಇದನ್ನೇ ಮೊದಲ ದಿನ ಮಾಡಿ.

ಎಲ್ಲದಕ್ಕೂ ಟೈಪ್ ಬೇಡ

ಡೇಟಾಬೇಸ್ ಸಂಪರ್ಕ ಕಡಿಯಿತು, ಡಿಸ್ಕ್ ತುಂಬಿತು, ನಮ್ಮದೇ ಬಗ್ ಒಂದು ಇದೆ. ಇವಕ್ಕೆಲ್ಲ ಕನ್‌ಸ್ಟ್ರಕ್ಟರ್ ಮಾಡುತ್ತಾ ಕೂರಬೇಡಿ. ಕರೆದವರು ಅದನ್ನು ನೋಡಿ ಮಾಡುವುದಾದರೂ ಏನು? ನನ್ನ ಅಳತೆಗೋಲು ಒಂದೇ: ಇದು ಗೊತ್ತಾದರೆ ಯಾರಾದರೂ ಬೇರೆ ರೀತಿ ನಡೆದುಕೊಳ್ಳುತ್ತಾರಾ? ಹೌದಾದರೆ ಟೈಪ್, ಇಲ್ಲವಾದರೆ ಎಕ್ಸೆಪ್ಶನ್ ಆಗಿಯೇ ಹೋಗಲಿ. ಹೇಗೂ ಐಓ ಇರುವ ಕಡೆ ಯಾವ ಸಾಲಿನಿಂದ ಬೇಕಾದರೂ ಎಕ್ಸೆಪ್ಶನ್ ಬರಬಹುದು, ಎಕ್ಸೆಪ್ಟ್-ಟಿ ಹೊದಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ತೀರಾ ಹೊರಗೆ ಒಂದು ಮಿಡಲ್‌ವೇರ್ (ಎಲ್ಲ ಕರೆಗಳೂ ದಾಟುವ ಪದರ) ಇಟ್ಟು, ಎಕ್ಸೆಪ್ಶನ್ ಹಿಡಿದು, ಒಂದು ಐಡಿ ಜೊತೆ ಲಾಗ್ ಮಾಡಿ, ಅದೇ ಐಡಿ ಇರುವ 500 ಕಳಿಸಿ. ಒಳಗಿನ ಎಸ್‌ಕ್ಯೂಎಲ್ ವಾಕ್ಯ ಹೊರಗೆ ಹೋಗಬಾರದು.

ಸಮ್‌ಎಕ್ಸೆಪ್ಶನ್ (ಎಲ್ಲ ಎಕ್ಸೆಪ್ಶನ್‌ಗಳನ್ನೂ ಒಳಗೊಂಡ ಟೈಪ್) ಹಿಡಿದು ಎಲ್ಲವನ್ನೂ ಲೆಫ್ಟ್ ಮಾಡುವ ಆಸೆ ಬರುತ್ತದೆ. ಹ್ಯಾಸ್ಕೆಲ್‌ನಲ್ಲಿ ಅದು ಅಪಾಯ. ಟೈಮ್‌ಔಟ್ ಆದಾಗ, ಥ್ರೆಡ್ ಕೊಲ್ಲುವಾಗ ಹೊರಗಿನಿಂದ ಬರುವ ಎಸಿಂಕ್ ಎಕ್ಸೆಪ್ಶನ್‌ಗಳೂ ಅದರಲ್ಲಿ ಸಿಕ್ಕಿಬೀಳುತ್ತವೆ, ಸಾಯಬೇಕಾದ ಥ್ರೆಡ್ ಸಾಯುವುದಿಲ್ಲ. ಹಿಡಿಯಲೇಬೇಕಾದರೆ ಸೇಫ್-ಎಕ್ಸೆಪ್ಶನ್ಸ್ ಅಥವಾ ಅನ್‌ಲಿಫ್ಟ್-ಐಓ ಪ್ಯಾಕೇಜಿನ ಟ್ರೈಎನಿ ಬಳಸಿ, ಅದು ಅಂಥವನ್ನು ಬಿಟ್ಟುಬಿಡುತ್ತದೆ.

ಒಂದು ಎಕ್ಸೆಪ್ಶನ್ ಮಾತ್ರ ಖಂಡಿತ ಬದಲಿಸಬೇಕು. ಸೀಟು ಖಾಲಿ ಇದೆಯಾ ಅಂತ ಸೆಲೆಕ್ಟ್ ಮಾಡಿ, ಆಮೇಲೆ ಇನ್ಸರ್ಟ್ ಮಾಡಿದರೆ ನಡುವಿನ ಸಂದಿಯಲ್ಲಿ ಇಬ್ಬರು ನುಗ್ಗಬಹುದು. ಇಬ್ಬರಿಗೂ ಖಾಲಿ ಕಂಡಿತು, ಇಬ್ಬರೂ ಹಿಡಿದರು. ಇದನ್ನು ತಡೆಯುವುದು ಬಸ್ ಮತ್ತು ಸೀಟು ನಂಬರ್ ಮೇಲಿನ ಯುನೀಕ್ ಕನ್‌ಸ್ಟ್ರೇಂಟ್ (ಅದೇ ಜೋಡಿ ಎರಡು ಸಲ ಬರಬಾರದೆಂಬ ಡೇಟಾಬೇಸ್ ನಿಯಮ). ಎರಡನೆಯವರಿಗೆ ಪೋಸ್ಟ್‌ಗ್ರೆಸ್ 23505 ಎಂಬ ಕೋಡ್ ಜೊತೆ ಎರರ್ ಕೊಡುತ್ತದೆ, ಹ್ಯಾಸ್ಕೆಲ್‌ನಲ್ಲಿ ಅದು ಎಕ್ಸೆಪ್ಶನ್ ಆಗಿ ಎದ್ದು ಬರುತ್ತದೆ. ಅವತ್ತು ರಾತ್ರಿ ಎದ್ದಿದ್ದು ಇದೇ. ಇದನ್ನು ಇನ್ಸರ್ಟ್ ಮಾಡುವ ಆ ಒಂದು ಫಂಕ್ಷನ್ನಿನಲ್ಲೇ ಹಿಡಿದು ಬೇರೆಯವರುಹಿಡಿದರು ಅಂತ ಲೆಫ್ಟ್ ಮಾಡಿ. ಕನ್‌ಸ್ಟ್ರೇಂಟ್‌ನ ಹೆಸರನ್ನೂ ನೋಡಿ ಹಿಡಿಯಿರಿ. ಅದೇ ಟೇಬಲ್‌ನಲ್ಲಿ ಇನ್ನೊಂದು ಯುನೀಕ್ ಇದ್ದರೆ ಅದೂ 23505 ತಾನೆ. ಇನ್ನು ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಎರರ್ ಬಂದ ಮೇಲೆ ಆ ಟ್ರಾನ್ಸಾಕ್ಷನ್ ಸತ್ತ ಹಾಗೆ, ರೋಲ್‌ಬ್ಯಾಕ್ ಮಾಡುವವರೆಗೆ ಬೇರೆ ಕ್ವೆರಿ ಓಡುವುದಿಲ್ಲ. ಮೇಲೆ ಹೇಳಿದ ಹೊದಿಕೆ ಇದ್ದರೆ ಅದೂ ಸರಿಹೋಗುತ್ತದೆ.

ಕೇಳುವವರ ಕಡೆ ಒಂದು ಮಾತು. ಬ್ರೌಸರ್ ಕಡೆಯ ಎಲ್ಮ್ ಭಾಷೆಯಲ್ಲಿ ಬರೆಯುವವರಾದರೆ, ಅದರ ಎಚ್‌ಟಿಟಿಪಿ ಎರರ್ ಟೈಪಿನ ಬ್ಯಾಡ್‌ಸ್ಟೇಟಸ್‌ನಲ್ಲಿ ಇರುವುದು ಬರಿ ನಂಬರ್. ನಾವು ಕಷ್ಟಪಟ್ಟು ಕಳಿಸಿದ ಬಾಡಿ ಅಲ್ಲಿ ಸಿಗುವುದಿಲ್ಲ. ಎಕ್ಸ್‌ಪೆಕ್ಟ್‌ಸ್ಟ್ರಿಂಗ್‌ರೆಸ್ಪಾನ್ಸ್ ಬಳಸಿ ಬಾಡಿಯನ್ನು ನೀವೇ ಡಿಕೋಡ್ ಮಾಡಿ, ನಿಮ್ಮದೇ ಎರರ್ ಟೈಪಿಗೆ ತನ್ನಿ. ಯಾವ ಭಾಷೆಯೇ ಇರಲಿ, 409ಕ್ಕೂ 422ಕ್ಕೂ ಮರುಕೇಳುವುದು ಬೇಡ, 503ಕ್ಕೆ (ಸರ್ವರ್ ಸದ್ಯಕ್ಕೆ ಸಿಗುತ್ತಿಲ್ಲ) ಕೇಳಿ, ಮತ್ತು ಕೇಳುವಾಗ ಅದೇ ಬುಕಿಂಗ್ ಅಂತ ಗುರುತು ಸಿಗುವ ಒಂದು ಕೀ ಜೊತೆ ಕಳಿಸಿ.

ಹಳೇ ಕೋಡಿಗೆ ಇದನ್ನು ತರುವಾಗ ನಾನು ಒಂದೇ ದಾರಿಯಿಂದ ಶುರು ಮಾಡಿದೆ, ಜಾಸ್ತಿ ಬೈಗುಳ ತಿನ್ನುತ್ತಿದ್ದ ಆ ಬುಕಿಂಗ್ ದಾರಿ. ಹಿಂದಿನ ತಿಂಗಳ ಲಾಗ್ ತೆರೆದು, 500 ಆಗಿ ಹೋದವುಗಳಲ್ಲಿ ನಿಜವಾಗಿ ವ್ಯಾಪಾರದ ಮಾತುಗಳು ಯಾವುವು ಅಂತ ಕಾಗದದ ಮೇಲೆ ಬರೆದುಕೊಂಡೆ. ಮೇಲಿನ ಐದು ಕನ್‌ಸ್ಟ್ರಕ್ಟರ್ ಬಂದಿದ್ದು ಆ ಕಾಗದದಿಂದ. ಅಲಾರ್ಮ್ ನಿಯಮವನ್ನೂ ಅದೇ ವಾರ ಬದಲಿಸಿದೆವು. ಲೆಫ್ಟ್ ಬಂದರೆ ಇನ್ಫೋ ಮಟ್ಟದಲ್ಲಿ ಲಾಗ್, ಲೆಕ್ಕ ಇಡುವುದು ಮಾತ್ರ. ಫೋನ್ ಹೊಡೆಯುವುದು ಹಿಡಿಯದ ಎಕ್ಸೆಪ್ಶನ್ 500 ಆಗಿ ಹೊರಟಾಗ. ಸೀಟು ಬೇರೆಯವರು ಹಿಡಿದರು ಅಂತ ಆಮೇಲೆ ನನ್ನನ್ನು ಯಾರೂ ಎಬ್ಬಿಸಿಲ್ಲ.